ಟೂ-ಸ್ಟ್ರೋಕ್ ಇಂಜಿನ್ ಎಣ್ಣೆಯ ಆಯ್ಕೆ: ಡಬ್ಬಿಯ ಮೇಲಿನ ಅಕ್ಷರಗಳನ್ನು ಓದುವ ಬಗೆ

ರಾಮದುರ್ಗದಂತಹ ತಾಲ್ಲೂಕು ಪೇಟೆಯಲ್ಲಿ ಕೃಷಿ ಉಪಕರಣ ಹಾಗೂ ವಾಹನಗಳ ಬಿಡಿಭಾಗ ಮಾರುವ ವರ್ತಕರಿಗೆ ಟೂ-ಸ್ಟ್ರೋಕ್ ಎಣ್ಣೆ, ಅಂದರೆ ಎಲ್ಲರ ಬಾಯಲ್ಲಿರುವ ‘ಟೂಟಿ ಆಯಿಲ್’, ಬಹಳ ಚಿಕ್ಕ ಸರಕು. ದಿನದ ವಹಿವಾಟಿನಲ್ಲಿ ಅದರ ಪಾಲು ಅಲ್ಪ, ಲಾಭವೂ ಅಲ್ಪ. ಆದ್ದರಿಂದ ಯಾವ ಡಬ್ಬಿಯನ್ನು ತರಿಸಬೇಕು, ಯಾವ ಗಿರಾಕಿಗೆ ಯಾವುದನ್ನು ಕೊಡಬೇಕು ಎಂಬುದರ ಬಗ್ಗೆ ಹೆಚ್ಚಿನ ವಿಚಾರ ನಡೆಯುವುದಿಲ್ಲ. ವಿತರಕನು ಕಳುಹಿಸಿದ್ದನ್ನು ಕಪಾಟಿನಲ್ಲಿಟ್ಟು, ಕೇಳಿದವರಿಗೆ ಕೊಡುವುದೇ ರೂಢಿ. ಆದರೆ ಹಂಗಾಮಿನ ನಡುವೆ ರೈತನ ಸ್ಪ್ರೇಯರ್ ಇಂಜಿನ್ ಸೀಜ್ ಆಗಿ ಪಿಸ್ಟನ್, ಸಿಲಿಂಡರ್ ಎರಡನ್ನೂ ಬದಲಾಯಿಸುವ ಪ್ರಸಂಗ ಬಂದಾಗ, ದೂರು ಬರುವುದು ಎಣ್ಣೆ ತಯಾರಿಸಿದ ಕಂಪನಿಗಲ್ಲ, ಅಂಗಡಿಗೆ. ನಾಲ್ಕು ಅಕ್ಷರಗಳ ಅರ್ಥ ತಿಳಿದಿದ್ದರೆ ಈ ಪ್ರಸಂಗಗಳಲ್ಲಿ ಹೆಚ್ಚಿನವನ್ನು ತಪ್ಪಿಸಬಹುದು. ಆ ಅಕ್ಷರಗಳ ಪರಿಚಯವೇ ಈ ಲೇಖನದ ಉದ್ದೇಶ.

ಇಂದಿನ ಗಿರಾಕಿ ಯಾರು?

ಟೂ-ಸ್ಟ್ರೋಕ್ ಇಂಜಿನ್ನಿನ ಕಾಲ ಮುಗಿಯಿತೆಂಬ ಮಾತು ವಾಹನಗಳ ಮಟ್ಟಿಗೆ ನಿಜ. ಮೈಸೂರಿನಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಎಜ್ಡಿ ಮೋಟರ್ ಸೈಕಲ್ಲುಗಳು, ಆ ನಂತರದ ಯಮಹಾ ಆರ್‌ಎಕ್ಸ್ 100, ಬಜಾಜ್ ಸ್ಕೂಟರ್, ಲೂನಾ, ಟಿವಿಎಸ್ ಮೊಪೆಡ್ ಇವೆಲ್ಲ ಪೆಟ್ರೋಲಿನೊಂದಿಗೆ ಎಣ್ಣೆಯನ್ನೂ ಸುಡುತ್ತಿದ್ದ ಬಂಡಿಗಳೇ. 2017ರ ಏಪ್ರಿಲ್ 1ರಿಂದ ಬಿಎಸ್-4 ನಿಯಮ ದೇಶಾದ್ಯಂತ ಜಾರಿಗೆ ಬಂದ ಬಳಿಕ ಹೊಸ ದ್ವಿಚಕ್ರ ವಾಹನಗಳಲ್ಲಿ ಟೂ-ಸ್ಟ್ರೋಕ್ ಇಂಜಿನ್ ಬಹುಮಟ್ಟಿಗೆ ಇಲ್ಲವಾಯಿತು. ಉಳಿದಿರುವುದು ಹಳೆಯ ಬಂಡಿಗಳು ಮತ್ತು ಅವುಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವ ಹವ್ಯಾಸಿಗಳು ಮಾತ್ರ.

ಆದರೆ ಎಣ್ಣೆಯ ಗಿರಾಕಿ ರಸ್ತೆಯಿಂದ ಹೊಲಕ್ಕೆ ಸರಿದಿದ್ದಾನೆ. ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್, ಕಳೆ ಕೊಯ್ಯುವ ಬ್ರಷ್ ಕಟರ್, ಮರ ಕೊಯ್ಯುವ ಚೈನ್ ಸಾ, ವಿದ್ಯುತ್ ಹೋದಾಗ ಅಂಗಡಿ ಹಾಗೂ ಮಗ್ಗದ ಮನೆಗಳಲ್ಲಿ ದೀಪ ಬೆಳಗುವ ಚಿಕ್ಕ ಜನರೇಟರ್ ಇವುಗಳಲ್ಲಿ ಅನೇಕವು ಇಂದಿಗೂ ಟೂ-ಸ್ಟ್ರೋಕ್. ನಮ್ಮ ಕಡೆ ಕೀಟನಾಶಕ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡೆಯುವುದು’ ಎನ್ನುವ ವಾಡಿಕೆ. ಹೀಗಾಗಿ ‘ಎಣ್ಣಿ ಮಷೀನಿಗೆ ಎಣ್ಣಿ ಕೊಡ್ರಿ’ ಎಂದು ಬರುವ ಗಿರಾಕಿಗೆ ಯಾವ ಎಣ್ಣೆ ಬೇಕೆಂದು ಕೇಳಿ ತಿಳಿಯುವುದು ಅನಿವಾರ್ಯ.

ಕೇಳಬೇಕಾದ ಮೊದಲ ಪ್ರಶ್ನೆ ಯಂತ್ರ ಟೂ-ಸ್ಟ್ರೋಕೋ ಫೋರ್-ಸ್ಟ್ರೋಕೋ ಎಂಬುದು. ಬ್ರಷ್ ಕಟರ್‌ಗಳಲ್ಲಿಯೂ ಸ್ಪ್ರೇಯರ್‌ಗಳಲ್ಲಿಯೂ ಈಗ ಎರಡೂ ಬಗೆಯವು ಬರುತ್ತವೆ, ಹೊರನೋಟಕ್ಕೆ ವ್ಯತ್ಯಾಸ ಕಾಣಿಸದು. ಇಂಜಿನ್ನಿನ ಬುಡದಲ್ಲಿ ಎಣ್ಣೆ ಹಾಕುವ ಪ್ರತ್ಯೇಕ ಮುಚ್ಚಳ ಹಾಗೂ ಅಳತೆಯ ಗುರುತು ಇದ್ದರೆ ಅದು ಫೋರ್-ಸ್ಟ್ರೋಕ್, ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು. ಟ್ಯಾಂಕಿನ ಮುಚ್ಚಳದ ಮೇಲೆ ಪೆಟ್ರೋಲ್ ಬಿಂದುವಿನೊಂದಿಗೆ ಎಣ್ಣೆಯ ಹನಿಯ ಚಿತ್ರವೋ, 25:1, 40:1, 50:1 ಎಂಬ ಅಂಕಿಯೋ ಇದ್ದರೆ ಅದು ಟೂ-ಸ್ಟ್ರೋಕ್.

ಸುಟ್ಟುಹೋಗುವ ಎಣ್ಣೆ

ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲಿ ಎಣ್ಣೆ ಬುಡದ ಕೋಣೆಯಲ್ಲಿ ನಿಂತು ಅಲ್ಲಿಯೇ ಸುತ್ತುತ್ತದೆ. ಟೂ-ಸ್ಟ್ರೋಕಿನಲ್ಲಿ ಹಾಗಲ್ಲ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಅದರೊಂದಿಗೆ ಬಂದ ಎಣ್ಣೆ ದಾರಿಯಲ್ಲಿ ಬೇರಿಂಗು, ಕನೆಕ್ಟಿಂಗ್ ರಾಡು, ಪಿಸ್ಟನ್ ಇವುಗಳಿಗೆ ತೆಳುವಾದ ಲೇಪವಾಗಿ ಅಂಟಿ, ಕೊನೆಗೆ ಪೆಟ್ರೋಲಿನೊಂದಿಗೆ ಸುಟ್ಟು ಸೈಲೆನ್ಸರಿನಿಂದ ಹೊರಹೋಗುತ್ತದೆ. ಅಂದರೆ ಈ ಎಣ್ಣೆ ಎರಡು ವಿರುದ್ಧ ಕೆಲಸಗಳನ್ನು ಮಾಡಬೇಕು. ಲೋಹಕ್ಕೂ ಲೋಹಕ್ಕೂ ನಡುವೆ ಇರುವಾಗ ಸುಡದೆ ನಿಲ್ಲಬೇಕು, ಸುಡುವ ಕೋಣೆಗೆ ತಲುಪಿದ ಮೇಲೆ ಮಸಿ, ಬೂದಿ ಉಳಿಸದೆ ಸುಟ್ಟುಹೋಗಬೇಕು.

ಟ್ರ್ಯಾಕ್ಟರ್, ಕಾರುಗಳ 20ಡಬ್ಲ್ಯು-40 ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಿದರೆ ಯಂತ್ರ ಕೆಡುವುದು ಈ ಎರಡನೆಯ ಕಾರಣಕ್ಕೆ. ಅದರಲ್ಲಿ ಸವಕಳಿ ತಡೆಯಲು, ಕೊಳೆ ತೊಳೆಯಲು ಸತು, ಕ್ಯಾಲ್ಸಿಯಂ ಮುಂತಾದ ಲೋಹಗಳ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಬುಡದಲ್ಲಿ ಸುತ್ತುವ ಎಣ್ಣೆಗೆ ಇವು ಒಳ್ಳೆಯವೇ. ಸುಟ್ಟಾಗ ಮಾತ್ರ ಬೂದಿಯಾಗಿ ಪಿಸ್ಟನ್ ತಲೆಯ ಮೇಲೆ, ಪ್ಲಗ್ಗಿನ ತುದಿಯಲ್ಲಿ ಗಟ್ಟಿಯಾಗುತ್ತವೆ. ಕೆಂಡದಂತಾದ ಆ ಬೂದಿಯಿಂದ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ತೂತು ಬೀಳುವುದೂ ಉಂಟು. ‘ಒಂದು ಸಲ ಹಾಕಿದರೆ ಏನಾಗುತ್ತದೆ’ ಎಂದು ಮಿಸ್ತ್ರಿಗಳು ಹೇಳುವುದನ್ನು ಕೇಳುತ್ತೇವೆ. ಒಂದು ಸಲಕ್ಕೆ ಏನೂ ಆಗದಿರಬಹುದು. ತೊಂದರೆಯೆಂದರೆ ಒಮ್ಮೆ ಏನೂ ಆಗದಿದ್ದರೆ ಅದೇ ರೂಢಿಯಾಗುತ್ತದೆ.

ಅಕ್ಷರಗಳ ಅರ್ಥ

ಡಬ್ಬಿಯ ಮೇಲೆ ಸಾಮಾನ್ಯವಾಗಿ ಕಾಣುವುದು ನಾಲ್ಕು ಮಾನಕಗಳು.

ಅತ್ಯಂತ ಹಳೆಯದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಎಪಿಐ ಟಿಸಿ. ಟಿಎ, ಟಿಬಿ ಎಂಬ ಕೆಳಗಿನ ದರ್ಜೆಗಳು ಈಗ ಬಳಕೆಯಲ್ಲಿಲ್ಲ. ಟಿಸಿ ಎಂದರೆ ಗಾಳಿಯಿಂದ ತಂಪಾಗುವ, ಹೆಚ್ಚು ಬಿಸಿಯಾಗುವ ಇಂಜಿನ್ನಿನಲ್ಲಿ ಪಿಸ್ಟನ್ ಸೀಜ್ ಆಗದಂತೆ, ರಿಂಗುಗಳು ಅಂಟದಂತೆ ಕಾಯುವ ಎಣ್ಣೆ. ಇದು ಒಳ್ಳೆಯ ಮಾನಕವೇ. ಆದರೆ ಇದರಲ್ಲಿ ಹೊಗೆಯ ಪರೀಕ್ಷೆ ಇಲ್ಲ. ಕೇವಲ ಟಿಸಿ ಎಂದು ಬರೆದ ಡಬ್ಬಿ ಹೊಗೆಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಎರಡನೆಯದು ಜಪಾನಿನ ವಾಹನ ಮಾನಕ ಸಂಸ್ಥೆಯ ಜಾಸೊ. ನಮ್ಮ ವ್ಯಾಪಾರಕ್ಕೆ ಮುಖ್ಯವಾದದ್ದು ಇದು. 1994ರಲ್ಲಿ ಎಫ್‌ಎ, ಎಫ್‌ಬಿ, ಎಫ್‌ಸಿ ಎಂಬ ಮೂರು ದರ್ಜೆಗಳೊಂದಿಗೆ ಆರಂಭವಾಗಿ, ನಂತರ ಎಫ್‌ಡಿ ಎಂಬ ಮೇಲಿನ ದರ್ಜೆ ಸೇರಿತು, ಎಫ್‌ಎ ಕೈಬಿಡಲ್ಪಟ್ಟಿತು. ಒಂದು ಗೊತ್ತಾದ ಮಾದರಿ ಎಣ್ಣೆಗೆ 100 ಅಂಕವೆಂದು ಇಟ್ಟುಕೊಂಡು, ಪರೀಕ್ಷಿಸುವ ಎಣ್ಣೆಯನ್ನು ಅದರೊಂದಿಗೆ ಹೋಲಿಸಿ ಅಂಕ ಕೊಡುವುದು ಇಲ್ಲಿಯ ಪದ್ಧತಿ. ನಾಲ್ಕು ಪರೀಕ್ಷೆಗಳಿವೆ: ಜಾರುಗುಣ, ಪಿಸ್ಟನ್ ಶುಚಿತ್ವ, ಹೊಗೆ, ಸೈಲೆನ್ಸರ್ ಕಟ್ಟಿಕೊಳ್ಳುವಿಕೆ. ಅಂಕ ಹೆಚ್ಚಾದಷ್ಟೂ ಎಣ್ಣೆ ಉತ್ತಮ.

ಈಗ ಅಂಕಗಳನ್ನು ನೋಡೋಣ. ಪಿಸ್ಟನ್ ಶುಚಿತ್ವದಲ್ಲಿ ಎಫ್‌ಬಿಗೆ ಕನಿಷ್ಠ 85, ಎಫ್‌ಸಿಗೆ 95, ಎಫ್‌ಡಿಗೆ 125 ಬೇಕು. ಎಫ್‌ಡಿಯ ಪರೀಕ್ಷೆ ಹೆಚ್ಚು ಹೊತ್ತು ನಡೆಯುವಂಥದ್ದು. ಹೊಗೆಯಲ್ಲಿ ಎಫ್‌ಬಿಗೆ 45 ಸಾಕು, ಎಫ್‌ಸಿ, ಎಫ್‌ಡಿಗಳಿಗೆ 85 ಆಗಬೇಕು. ಸೈಲೆನ್ಸರ್ ಕಟ್ಟಿಕೊಳ್ಳುವ ಪರೀಕ್ಷೆಯಲ್ಲಿ ಎಫ್‌ಬಿಗೆ 45, ಉಳಿದೆರಡಕ್ಕೆ 90. ಇನ್ನು ಜಾರುಗುಣದ ಅಂಕ? ಮೂರಕ್ಕೂ ಒಂದೇ, 95.

ಈ ಕೊನೆಯ ಅಂಕಿಯನ್ನು ವರ್ತಕ ಬಾಂಧವರು ವಿಶೇಷವಾಗಿ ಗಮನಿಸಬೇಕು. ‘ಎಫ್‌ಡಿ ಎಣ್ಣೆ ಹೆಚ್ಚು ಜಾರುತ್ತದೆ, ಆದ್ದರಿಂದ ಇಂಜಿನ್ ಸೀಜ್ ಆಗುವುದೇ ಇಲ್ಲ, ಹೇಳಿದ್ದಕ್ಕಿಂತ ಕಡಿಮೆ ಹಾಕಿದರೂ ನಡೆಯುತ್ತದೆ’ ಎಂದು ಮಾರಾಟ ಪ್ರತಿನಿಧಿಗಳು ಹೇಳುವುದುಂಟು. ಮಾನಕದಲ್ಲಿ ಈ ಮಾತಿಗೆ ಆಧಾರವಿಲ್ಲ. ಎಫ್‌ಸಿಯಿಂದ ಎಫ್‌ಡಿಗೆ ಏರಿದಾಗ ಗಿರಾಕಿಗೆ ಸಿಗುವುದು ಮುಖ್ಯವಾಗಿ ಶುಚಿತ್ವ: ರಿಂಗು ಅಂಟುವುದು ಕಡಿಮೆ, ಪಿಸ್ಟನ್ನಿನ ಮೇಲೆ ಮಸಿ ಕಟ್ಟುವುದು ಕಡಿಮೆ. ಇದು ದಿನವಿಡೀ ವೇಗವಾಗಿ ಓಡುವ ಬ್ರಷ್ ಕಟರ್, ಚೈನ್ ಸಾಗಳಿಗೆ ಬಹಳ ಬೆಲೆಯುಳ್ಳ ಗುಣ. ಹಳೆಯ ಮೊಪೆಡ್ಡಿಗೆ ಅದರ ಅಗತ್ಯ ಅಷ್ಟಿಲ್ಲ, ಎಫ್‌ಸಿ ಸಾಕು. ಹಾಗೆಯೇ ಎಫ್‌ಬಿಯಿಂದ ಎಫ್‌ಸಿಗೆ ಏರಿದಾಗ ಸಿಗುವುದು ಮುಖ್ಯವಾಗಿ ಹೊಗೆಯ ಇಳಿಕೆ. ಯಾವ ದರ್ಜೆಯ ಎಣ್ಣೆಯಾದರೂ ಅಳತೆ ತಪ್ಪಿದರೆ ಕಾಯುವುದಿಲ್ಲ.

ಮೂರನೆಯದು ಅಂತರರಾಷ್ಟ್ರೀಯ ಮಾನಕ ಐಎಸ್‌ಓ 13738. ಅದರ ಇಜಿಬಿ, ಇಜಿಸಿ, ಇಜಿಡಿ ದರ್ಜೆಗಳು ಜಾಸೊದ ಎಫ್‌ಬಿ, ಎಫ್‌ಸಿ, ಎಫ್‌ಡಿಗಳ ಸಾಲಿನವೇ, ಪಿಸ್ಟನ್ ಶುಚಿತ್ವದಲ್ಲಿ ಇನ್ನಷ್ಟು ಬಿಗಿ. ಇಜಿಡಿ ಮತ್ತು ಎಫ್‌ಡಿ ಎರಡೂ ಒಂದೇ ಡಬ್ಬಿಯ ಮೇಲಿದ್ದರೆ ಒಳ್ಳೆಯ ಲಕ್ಷಣ.

ನಾಲ್ಕನೆಯದಾದ ಟಿಸಿ-ಡಬ್ಲ್ಯು3 ಕುರಿತು ಎಚ್ಚರಿಕೆ ಬೇಕು. ಹೆಸರು ಟಿಸಿಯಂತೆ ಕೇಳಿಸುತ್ತದೆ, ಮುಂದೆ ಅಂಕಿಯೂ ಇದೆ, ಹಾಗಾಗಿ ಮೇಲಿನ ದರ್ಜೆಯೆಂದು ಭಾವಿಸುವವರು ಅನೇಕರು. ಅದು ಮೇಲಿನ ದರ್ಜೆಯಲ್ಲ, ಬೇರೆಯೇ ಯಂತ್ರದ ಎಣ್ಣೆ. ದೋಣಿಗಳ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನ್ನುಗಳಿಗಾಗಿ ಅಮೆರಿಕದ ದೋಣಿ ತಯಾರಕರ ಸಂಘ ರೂಪಿಸಿದ್ದು. ಆ ಇಂಜಿನ್ನು ನೀರಿನಿಂದ ತಂಪಾಗುತ್ತದೆ, ಪಿಸ್ಟನ್ ಅಷ್ಟು ಕಾಯುವುದಿಲ್ಲ. ಆದುದರಿಂದ ಬೂದಿಯಿಲ್ಲದ ತೊಳೆಯುವ ದ್ರವ್ಯಗಳನ್ನಷ್ಟೇ ಸೇರಿಸಿರುತ್ತಾರೆ. ಮಲಪ್ರಭೆಯ ದಂಡೆಯಲ್ಲಿ ಏಪ್ರಿಲ್ ಬಿಸಿಲಿಗೆ, ಗಾಳಿಯಿಂದಷ್ಟೇ ತಂಪಾಗುವ ಬ್ರಷ್ ಕಟರಿಗೆ ಅದನ್ನು ಹಾಕಿದರೆ ರಿಂಗುಗಳ ಬಳಿಯ ಉಷ್ಣಕ್ಕೆ ಅದು ತಾಳಲಾರದು. ಮಲ್ಪೆಯಲ್ಲಿ ಯೋಗ್ಯವಾದ ಡಬ್ಬಿ ರಾಮದುರ್ಗದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸುವುದು ಲಾಭದ ವ್ಯಾಪಾರವಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಕೆಂಪು ಎಣ್ಣೆ ಶ್ರೇಷ್ಠ, ನೀಲಿ ಸಾಧಾರಣ, ಹಸಿರು ಸಿಂಥೆಟಿಕ್ ಎಂಬ ನಂಬಿಕೆ ಪೇಟೆಯಲ್ಲಿ ಬಲವಾಗಿದೆ. ಪೆಟ್ರೋಲಿಗೆ ಎಣ್ಣೆ ಬೆರೆಸಲಾಗಿದೆಯೆಂದು ಕಣ್ಣಿಗೆ ತಿಳಿಯಲಿ ಎಂದು ಕಂಪನಿಗಳು ಬಣ್ಣ ಹಾಕುತ್ತವೆ. ಯಾವ ಮಾನಕವೂ ಬಣ್ಣವನ್ನು ಗುಣಕ್ಕೆ ಗಂಟು ಹಾಕಿಲ್ಲ. ಸಿಂಥೆಟಿಕ್, ಸೆಮಿ-ಸಿಂಥೆಟಿಕ್ ಎಂಬ ಮಾತುಗಳೂ ಎಣ್ಣೆಯ ಮೂಲದ್ರವ್ಯವನ್ನು ಹೇಳುತ್ತವೆಯೇ ಹೊರತು ದರ್ಜೆಯನ್ನಲ್ಲ. ಎಫ್‌ಡಿ ಎಂದು ಪರೀಕ್ಷೆ ಮುಗಿಸಿದ ಸಾದಾ ಎಣ್ಣೆ, ದರ್ಜೆಯೇ ಇಲ್ಲದ ‘ಸಿಂಥೆಟಿಕ್’ಗಿಂತ ಮೇಲು. ಹರಳೆಣ್ಣೆಯನ್ನು ಬೆರೆಸುವ ಹಳೆಯ ಪದ್ಧತಿಯ ನೆನಪು ಕೆಲವು ಹಿರಿಯ ಮಿಸ್ತ್ರಿಗಳಲ್ಲಿದೆ. ಅದು ಅಜ್ಞಾನವೇನಲ್ಲ, ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರು ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಜಾರುಗುಣದಲ್ಲಿ ಅದು ಉತ್ತಮವೇ, ಆದರೆ ಬಿಸಿಗೆ ಗೋಂದಿನಂತಾಗಿ ರಿಂಗುಗಳನ್ನು ಅಂಟಿಸುತ್ತದೆ. ದಿನಬಳಕೆಯ ಯಂತ್ರಕ್ಕೆ ಅದು ಬೇಡ.

ಅಳತೆ ಮತ್ತು ಬೆಲೆಯ ಲೆಕ್ಕ

ಒಂದು ಲೀಟರ್ ಪೆಟ್ರೋಲಿಗೆ 50:1 ಎಂದರೆ 20 ಮಿ.ಲೀ., 40:1 ಎಂದರೆ 25 ಮಿ.ಲೀ., 25:1 ಎಂದರೆ 40 ಮಿ.ಲೀ. ಎಣ್ಣೆ. ಐದು ಲೀಟರಿನ ಕ್ಯಾನಿಗೆ ಕ್ರಮವಾಗಿ 100, 125, 200 ಮಿ.ಲೀ. ಯಂತ್ರದ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ. ಕೆಲವು ಕಂಪನಿಗಳು ತಮ್ಮ ಎಣ್ಣೆಗೆ 50:1, ಬೇರೆಯವರ ಎಣ್ಣೆಗೆ 25:1 ಎಂದು ಎರಡು ಅಳತೆ ಕೊಟ್ಟಿರುತ್ತವೆ, ಅದನ್ನು ಗಿರಾಕಿಗೆ ಓದಿ ಹೇಳಬೇಕು. ‘ಸ್ವಲ್ಪ ಹೆಚ್ಚೇ ಇರಲಿ’ ಎಂಬ ಉದಾರತೆಯೂ ತಪ್ಪು. ಎಣ್ಣೆ ಹೆಚ್ಚಾದಷ್ಟು ಆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ, ಸೈಲೆನ್ಸರಿನ ಬಾಯಿ ಕಟ್ಟಿಕೊಂಡು ಯಂತ್ರ ಶಕ್ತಿ ಕಳೆದುಕೊಳ್ಳುತ್ತದೆ. ಮುಚ್ಚಳದ ಅಂದಾಜಿನಲ್ಲಿ ಸುರಿಯುವ ಬದಲು ಗುರುತುಗಳಿರುವ ಪ್ಲಾಸ್ಟಿಕ್ ಅಳತೆ ಪಾತ್ರೆಯೊಂದನ್ನು ಎಣ್ಣೆಯ ಜೊತೆಗೇ ಮಾರಿದರೆ, ಅದರ ಬೆಲೆ ಒಂದೇ ದೂರು ತಪ್ಪಿದರೂ ಹುಟ್ಟುತ್ತದೆ.

ಗಿರಾಕಿ ಅಗ್ಗದ್ದನ್ನೇ ಕೇಳುತ್ತಾನೆ ಎಂಬುದು ವರ್ತಕರ ಸಾಮಾನ್ಯ ಉತ್ತರ. ಇದಕ್ಕೆ ಲೆಕ್ಕವೇ ಮದ್ದು. ಎರಡು ಎಣ್ಣೆಗಳ ನಡುವೆ ಲೀಟರಿಗೆ 200 ರೂಪಾಯಿ ವ್ಯತ್ಯಾಸವಿದೆಯೆಂದು ಇಟ್ಟುಕೊಳ್ಳೋಣ. 50:1 ಅಳತೆಯ ಯಂತ್ರದಲ್ಲಿ ಆ ವ್ಯತ್ಯಾಸ ಪ್ರತಿ ಲೀಟರ್ ಪೆಟ್ರೋಲಿಗೆ 4 ರೂಪಾಯಿ, 40:1ರಲ್ಲಿ 5 ರೂಪಾಯಿ, 25:1ರಲ್ಲಿ 8 ರೂಪಾಯಿ. ದಿನಕ್ಕೆ ಎರಡು ಲೀಟರ್ ಸುಡುವ ಸ್ಪ್ರೇಯರಿಗೆ 8ರಿಂದ 16 ರೂಪಾಯಿ. ಎಣ್ಣೆ ಹೊಡೆಯುವ ಆಳಿನ ಒಂದು ದಿನದ ಕೂಲಿಯ ಪಕ್ಕಕ್ಕೆ ಈ ಅಂಕಿಯನ್ನಿಟ್ಟು ತೋರಿಸಿದರೆ ರೈತನಿಗೆ ಬೇರೆ ವಿವರಣೆ ಬೇಕಾಗದು.

ಎಥೆನಾಲ್ ಬೆರೆತ ಪೆಟ್ರೋಲ್

ಈಚಿನ ವರ್ಷಗಳಲ್ಲಿ ಬಂದ ಹೊಸ ತೊಡಕು ಇದು, ಮತ್ತು ಇದಕ್ಕೆ ನಮ್ಮ ಜಿಲ್ಲೆಯ ಸಂಬಂಧವೂ ಇದೆ. ಬೆಳಗಾವಿ ಜಿಲ್ಲೆಯ ಹಲವು ಸಕ್ಕರೆ ಕಾರ್ಖಾನೆಗಳು ಎಥೆನಾಲ್ ತಯಾರಿಸುತ್ತವೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಈಗ ಸಾಮಾನ್ಯ ಬಂಕಿನಲ್ಲಿ ಸಿಗುವುದು ಅದೇ. ಕಬ್ಬು ಬೆಳೆದ ರೈತನ ಗದ್ದೆಯಿಂದ ಹೊರಟ ದ್ರವ್ಯ ಅವನದೇ ಸ್ಪ್ರೇಯರಿನ ಟ್ಯಾಂಕಿಗೆ ಮರಳಿ ಬರುತ್ತಿದೆ. ಕಬ್ಬಿನ ಬೆಲೆಯ ದೃಷ್ಟಿಯಿಂದ ಅದು ಸಂತೋಷದ ಸಂಗತಿ. ಚಿಕ್ಕ ಇಂಜಿನ್ನಿನ ದೃಷ್ಟಿಯಿಂದ ಮಾತ್ರ ಕೆಲವು ಎಚ್ಚರಿಕೆಗಳು ಬೇಕು.

ಎಥೆನಾಲ್ ನೀರನ್ನು ಹೀರುತ್ತದೆ. ಮಳೆಗಾಲದ ಆರ್ದ್ರ ಹವೆಯಲ್ಲಿ, ಮುಚ್ಚಳ ಸಡಿಲವಾದ ಕ್ಯಾನಿನಲ್ಲಿ ಪೆಟ್ರೋಲನ್ನು ವಾರಗಟ್ಟಲೆ ಇಟ್ಟರೆ ಒಂದು ಹಂತದ ನಂತರ ನೀರು ಮತ್ತು ಎಥೆನಾಲ್ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಇಂಜಿನ್ನು ಇಂಧನವನ್ನು ಎಳೆದುಕೊಳ್ಳುವುದು ಟ್ಯಾಂಕಿನ ತಳದಿಂದ. ಹೀಗಾಗಿ ಹಿಂದಿನ ತಿಂಗಳು ಸರಿಯಾದ ಅಳತೆಯಲ್ಲಿ, ಉತ್ತಮ ಎಣ್ಣೆಯನ್ನೇ ಬೆರೆಸಿದ್ದರೂ, ಇಂಜಿನ್ನಿಗೆ ಎಣ್ಣೆಯೇ ಇಲ್ಲದ ದ್ರವ ಹೋಗಿ ಸೀಜ್ ಆಗುವ ಸಂಭವವಿದೆ. ಇಂತಹ ಪ್ರಸಂಗದಲ್ಲಿ ರೈತನು ಎಣ್ಣೆಯನ್ನು ದೂರುತ್ತಾನೆ, ವರ್ತಕನು ಯಂತ್ರವನ್ನು ದೂರುತ್ತಾನೆ, ಕಾರಣ ಕ್ಯಾನಿನಲ್ಲಿರುತ್ತದೆ. ಕ್ಯಾನಿನ ಪೆಟ್ರೋಲನ್ನು ಪಾರದರ್ಶಕ ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬೇರೆ ಪದರ ಇದೆಯೋ ಇಲ್ಲವೋ ಕಾಣುತ್ತದೆ. ಪದರ ಕಂಡರೆ ಆ ಪೆಟ್ರೋಲ್ ಯಂತ್ರಕ್ಕೆ ಸಲ್ಲದು, ಕಲಕಿ ಬಳಸುವ ಯೋಚನೆಯೂ ಬೇಡ.

ಎರಡನೆಯದಾಗಿ, ಎಥೆನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬ್ಯುರೇಟರಿನ ಹೊಂದಾಣಿಕೆಯಲ್ಲಿ ಇಂಧನ ತೆಳುವಾಗಿ ಇಂಜಿನ್ನು ಹೆಚ್ಚು ಕಾಯುತ್ತದೆ. ರಬ್ಬರಿನ ಕೊಳವೆ, ಡಯಾಫ್ರಾಮುಗಳು ಬೇಗ ಕೆಡಬಹುದು. ಅನೇಕ ಚಿಕ್ಕ ಇಂಜಿನ್ ತಯಾರಕರ ಕೈಪಿಡಿಗಳಲ್ಲಿ ಎಥೆನಾಲಿಗೆ ಶೇ. 10ರ ಮಿತಿ ನಮೂದಾಗಿದೆ. ಹೊಸ ಯಂತ್ರವನ್ನು ಮಾರುವಾಗ ಅದು ಶೇ. 20ಕ್ಕೆ ಯೋಗ್ಯವೆಂದು ತಯಾರಕರು ಬರೆದುಕೊಟ್ಟಿದ್ದಾರೆಯೇ ಎಂದು ವರ್ತಕರು ಮೊದಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು. ರೈತನಿಗೆ ಹೇಳಬೇಕಾದದ್ದು ಇಷ್ಟು: ಒಂದೆರಡು ದಿನಕ್ಕೆ ಬೇಕಾಗುವಷ್ಟನ್ನೇ ಬೆರೆಸಬೇಕು, ಹಂಗಾಮು ಮುಗಿದೊಡನೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಇಂಜಿನ್ನನ್ನು ಓಡಿಸಿ ನಿಲ್ಲಿಸಬೇಕು.

ಬಿಡಿ ಎಣ್ಣೆಯ ಮಾರಾಟ

ಪೀಪಾಯಿಯಿಂದ ಬಾಟಲಿಗೆ ಅಳೆದು ಕೊಡುವ ಬಿಡಿ ಟೂಟಿ ಎಣ್ಣೆಯ ಇತಿಹಾಸ ದೊಡ್ಡದು. ದೆಹಲಿಯ ವಾಯುಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1998ರ ಜುಲೈ 28ರಂದು ನೀಡಿದ ಆದೇಶದಲ್ಲಿ, ಅಲ್ಲಿಯ ಬಂಕು ಹಾಗೂ ಗ್ಯಾರೇಜುಗಳಲ್ಲಿ ಬಿಡಿ ಟೂಟಿ ಎಣ್ಣೆಯ ಪೂರೈಕೆಯನ್ನು ಅದೇ ವರ್ಷದ ಡಿಸೆಂಬರ್ 31ರೊಳಗೆ ನಿಷೇಧಿಸಬೇಕೆಂದಿತ್ತು. ಕಡಿಮೆ ಹೊಗೆಯ ಎಣ್ಣೆಯ ನಿಯಮ 1999ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸಿಕ್ಕ ಎಣ್ಣೆಯನ್ನು ಸಿಕ್ಕಷ್ಟು ಸುರಿಯುವುದೇ ಆ ಕಾಲದ ಹೊಗೆಗೆ ದೊಡ್ಡ ಕಾರಣಗಳಲ್ಲೊಂದಾಗಿತ್ತು.

ತಾಲ್ಲೂಕು ಪೇಟೆಯ ವರ್ತಕನಿಗೆ ಇಂದು ಹೆಚ್ಚು ಹತ್ತಿರವಾದದ್ದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. 2020ರ ಜುಲೈನಲ್ಲಿ ಜಾರಿಗೆ ಬಂದ ಈ ಕಾಯ್ದೆಯಲ್ಲಿ ಸರಕಿನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವಿದೆ. ತಯಾರಕನಲ್ಲದ ಮಾರಾಟಗಾರನೂ ಯಾವಾಗ ಹೊಣೆಯಾಗುತ್ತಾನೆ ಎಂಬುದನ್ನು ಅದರ 86ನೆಯ ಕಲಮು ಹೇಳುತ್ತದೆ. ಸರಕನ್ನು ಬದಲಾಯಿಸಿದ್ದರೆ, ಪ್ಯಾಕಿಂಗು ಅಥವಾ ಲೇಬಲ್ಲಿನ ಮೇಲೆ ಅವನಿಗೇ ಹೆಚ್ಚಿನ ನಿಯಂತ್ರಣವಿದ್ದರೆ, ತಯಾರಕನು ಕೊಟ್ಟದ್ದಕ್ಕಿಂತ ಬೇರೆಯಾಗಿ ತಾನೇ ಭರವಸೆ ಕೊಟ್ಟಿದ್ದು ಸರಕು ಅದರಂತೆ ಇರದಿದ್ದರೆ, ತಯಾರಕನು ಯಾರೆಂದೇ ತಿಳಿಯದಿದ್ದರೆ, ಬಳಕೆಯ ಸೂಚನೆಗಳನ್ನು ಗಿರಾಕಿಗೆ ದಾಟಿಸದಿದ್ದರೆ ಹಾನಿಯ ಹೊಣೆ ಅವನ ಮೇಲೆ ಬರಬಹುದು. ಪೀಪಾಯಿಯ ಎಣ್ಣೆಯನ್ನು ಹೆಸರಿಲ್ಲದ ಬಾಟಲಿಯಲ್ಲಿ, ‘ಎಲ್ಲಾ ಮಷೀನಿಗೂ ನಡೆಯುತ್ತದೆ, ನನ್ನ ಗ್ಯಾರಂಟಿ’ ಎಂದು ಹೇಳಿ ಕೊಡುವ ವರ್ತಕನು ಇವುಗಳಲ್ಲಿ ಎಷ್ಟಕ್ಕೆ ಒಳಪಡುತ್ತಾನೆಂದು ತಾನೇ ಎಣಿಸಬಹುದು. ಸೀಲು ಮುರಿಯದ ಡಬ್ಬಿಯನ್ನು ಬಿಲ್ಲಿನೊಂದಿಗೆ ಮಾರಿದವನ ಸ್ಥಿತಿ ಬೇರೆ. ಬಿಲ್ಲಿನಲ್ಲಿ ಎಣ್ಣೆಯ ಹೆಸರು, ದರ್ಜೆ, ಬ್ಯಾಚ್ ಸಂಖ್ಯೆಗಳನ್ನು ಬರೆಯುವುದಕ್ಕೆ ಅರ್ಧ ನಿಮಿಷ ಸಾಕು.

ದಾಸ್ತಾನು ತರಿಸುವಾಗ ಡಬ್ಬಿಯ ಮೇಲೆ ತಯಾರಕರ ಪೂರ್ಣ ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆ ಇವೆಯೇ ನೋಡಬೇಕು. ‘ಎಫ್‌ಡಿಗೆ ಸಮಾನ’, ‘ಜಪಾನ್ ತಂತ್ರಜ್ಞಾನ’ ಎಂಬಂತಹ ಬರಹಗಳು ದರ್ಜೆಯಲ್ಲ. ಜಾಸೊ ಪದ್ಧತಿಯಲ್ಲಿ ನೋಂದಾಯಿಸಿದ ಎಣ್ಣೆಯ ಮೇಲೆ ಚೌಕದೊಳಗೆ ದರ್ಜೆಯ ಅಕ್ಷರವೂ ನೋಂದಣಿ ಸಂಕೇತವೂ ಇರುತ್ತವೆ. ಸಂದೇಹವಿದ್ದರೆ ಆ ಸಂಕೇತವನ್ನು ವಿತರಕರಿಂದ ಲಿಖಿತವಾಗಿ ಕೇಳಬಹುದು, ಕೊಡಲು ಹಿಂಜರಿದರೆ ಅದೇ ಉತ್ತರ. ರಾಮದುರ್ಗ, ಸುರೇಬಾನ, ಕಟಕೋಳದ ಗಾತ್ರದ ಪೇಟೆಗಳ ಅಂಗಡಿಗೆ ಎರಡೇ ಬಗೆಯ ದಾಸ್ತಾನು ಸಾಕು: ಹೊಲದ ಯಂತ್ರಗಳಿಗೆ ಎಫ್‌ಡಿ, ಹಳೆಯ ಬಂಡಿಗಳಿಗೆ ಎಫ್‌ಸಿ. ಎಫ್‌ಡಿಯಲ್ಲಿ ಲೀಟರಿನ ಡಬ್ಬಿಗಿಂತ 100 ಮಿ.ಲೀ. ಗಾತ್ರದ ಚಿಕ್ಕ ಬಾಟಲಿಗಳನ್ನು ಹೆಚ್ಚು ತರಿಸುವುದು ಮೇಲು. 50:1ರ ಯಂತ್ರಕ್ಕೆ ಅದು ಐದು ಲೀಟರಿಗೆ ಸರಿಹೋಗುವುದರಿಂದ ಅಳತೆಯ ತಕರಾರು ತಾನೇ ತಪ್ಪುತ್ತದೆ, ತೆರೆದಿಟ್ಟ ಡಬ್ಬಿಯೂ ಉಳಿಯುವುದಿಲ್ಲ. ಡಬ್ಬಿಗಳನ್ನು ಅಂಗಡಿಯ ಮುಂದಿನ ಬಿಸಿಲಿಗೆ ಜೋಡಿಸದೆ ಒಳಗಿನ ಕಪಾಟಿನಲ್ಲಿಡಬೇಕು, ಹಳೆಯ ತಿಂಗಳಿನವು ಮುಂದೆ, ಹೊಸವು ಹಿಂದೆ.